ಲೆಕ್ಕದ ಮೇಷ್ಟ್ರ ಎಡಹುಬ್ಬು

ನಮ್ಮೂರಲ್ಲಿ ಭಕ್ತಿ ಇಳಿಯುತ್ತದೆ. ಮೇಲೆ ಕೂತವರಿಂದ ಕೆಳಗೆ ಕೂತವರಿಗೆ, ಅಪ್ಪಣೆ ಕೊಡುವವರಿಂದ ಅಪ್ಪಣೆ ಕೇಳುವವರಿಗೆ, ನೀರು ಇಳಿದ ಹಾಗೆ ಇಳಿಯುತ್ತದೆ. ಸಮಸಮ ಕೂತವರಿಗೆ ಏನೂ ಆಗುವುದಿಲ್ಲ. ಹೋಟೆಲಿನ ಒಂದೇ ಟೇಬಲ್ಲಿಗೆ ನಾಲ್ಕು ಧರ್ಮದವರು ಕೂತು ಇಡ್ಲಿ ತಿಂದು ಎದ್ದು ಹೋಗುತ್ತಾರೆ, ಯಾರ ಹಣೆಯೂ ಬದಲಾಗುವುದಿಲ್ಲ. ಆದರೆ ಬಸ್ಸಿನ ಡ್ರೈವರು ಇಳಿಜಾರಿನಲ್ಲಿ ಒಮ್ಮೆ ಮನೆದೇವರನ್ನು ನೆನೆದರೆ ಮುಗಿಯಿತು, ಸ್ಟ್ಯಾಂಡಿನಲ್ಲಿ ಇಳಿಯುವ ಐವತ್ತು ಜನರ ಹಣೆಯ ಮೇಲೂ ಅವನ ಮನೆಯ ಭಂಡಾರದ ಅರಿಶಿನ ಇರುತ್ತದೆ. ಇದಕ್ಕೆಂದೇ ಹೆಂಗಸರು ಸೊಂಟದಲ್ಲಿ ಒದ್ದೆ ಕರ್ಚೀಫು ಸಿಕ್ಕಿಸಿಕೊಂಡಿರುತ್ತಾರೆ. ಇನ್ನು ಕ್ಷೌರದ ಅಂಗಡಿಯಲ್ಲಿ ಕುತ್ತಿಗೆಯ ಮೇಲೆ ಕತ್ತಿ ಇರುವಾಗ ಯಾರು ಮೇಲೆ, ಯಾರು ಕೆಳಗೆ ಎಂದು ಬಿಡಿಸಿ ಹೇಳಬೇಕೆ? ರೆಹಮತ್ತಣ್ಣನ ಅಂಗಡಿಯಿಂದ ಕಣ್ಣಿಗೆ ಸುರ್ಮಾ ಹತ್ತಿಸಿಕೊಂಡು ಹೊರಗೆ ಬಂದ ಪುರೋಹಿತರೊಬ್ಬರನ್ನು ನಾನೇ ನೋಡಿದ್ದೇನೆ. ಮನೆಗೆ ಓಡಿ ತೊಳೆದುಕೊಂಡರು. ಚೆನ್ನಾಗಿ ಒಪ್ಪುತ್ತಿತ್ತು, ತೊಳೆಯಬಾರದಿತ್ತು.

ದೊಡ್ಡವರದು ಹೀಗೆ ಒದ್ದೆ ಬಟ್ಟೆಯಲ್ಲಿ ಮುಗಿಯುತ್ತದೆ. ಮಕ್ಕಳದು ಹಾಗಲ್ಲ. ಒಂದಕ್ಕೆ ಹೋಗಬೇಕಾದರೂ ಕೈ ಎತ್ತಿ ಕೇಳಬೇಕಾದವರು ಅವರು. ಅವರ ಮೇಲೆ ಇಳಿದದ್ದು ಹಣೆಯಲ್ಲಿ ನಿಲ್ಲದೆ ಒಳಗೂ ಇಳಿದುಬಿಡುತ್ತದೆ. ಆದ್ದರಿಂದ ನಮ್ಮ ಸರ್ಕಾರಿ ಶಾಲೆಯ ಗೇಟಿನ ಪಕ್ಕ ಒಂದು ನಲ್ಲಿ ಇದೆ. ಬೆಳಿಗ್ಗೆ ಮೇಷ್ಟ್ರುಗಳೆಲ್ಲ ಅಲ್ಲಿ ಸಾಲಾಗಿ ನಿಂತು ಹಣೆ, ಕುತ್ತಿಗೆ, ಮಣಿಕಟ್ಟು ತೊಳೆದುಕೊಂಡು, ಮನಸ್ಸಿನಲ್ಲಿ ಮಣಮಣ ಎನ್ನುತ್ತಿರುವುದನ್ನೂ ಅಲ್ಲೇ ನಿಲ್ಲಿಸಿ ಒಳಗೆ ಹೋಗಬೇಕು. ಆಯಾ ಪುಟ್ಟಗಂಗಮ್ಮ ಒಬ್ಬೊಬ್ಬರ ಹಣೆಯ ಮೇಲೂ ಅಂಗೈ ಇಟ್ಟು ನೋಡಿ ಬಿಡುತ್ತಾಳೆ. ಸಂಜೆ ಮಕ್ಕಳ ಹಣೆ ನೋಡುವವಳೂ ಅವಳೇ. ಬರುವಾಗ ಇದ್ದದ್ದು ಹೋಗುವಾಗ ಇರಬೇಕು, ಬರುವಾಗ ಇಲ್ಲದ್ದು ಹೋಗುವಾಗ ಇರಬಾರದು. ಅಷ್ಟೇ ಕಾನೂನು.

ಎಲ್ಲರೂ ಒಮ್ಮೆಯಾದರೂ ಸಿಕ್ಕಿಬಿದ್ದವರೇ. ಸಮಾಜ ಪಾಠದ ಗನಿ ಸಾಹೇಬರು ಒಂದು ರಂಜಾನಿನಲ್ಲಿ ಅವಸರದಲ್ಲಿ ನಲ್ಲಿ ಮರೆತು ಒಳಗೆ ಹೋದರು. ಮಧ್ಯಾಹ್ನ ಬಿಸಿಯೂಟದ ಹಂಡೆ ತುಂಬಿದ ಹಾಗೆಯೇ ಉಳಿಯಿತು, ಮಕ್ಕಳೆಲ್ಲ ಹೊತ್ತು ಮುಳುಗಲಿ ಎಂದು ಕಿಟಕಿಯಲ್ಲಿ ಕಾದು ಕೂತಿದ್ದರು. ವಿಜ್ಞಾನದ ಸಂಪತಾಚಾರ್ಯರು ನೀರು ಕುದಿಯಲು ತಡವಾಯಿತೆಂದು ಬೇಜಾರಿಗೆ ಒಂದು ಸ್ತೋತ್ರ ಗುನುಗಿದರು, ಇಡೀ ತರಗತಿಯ ಹಣೆಯಲ್ಲಿ ನಾಮ ಎದ್ದಿತು. ಗನಿ ಸಾಹೇಬರ ಮಗಳೂ ಅದೇ ತರಗತಿಯಲ್ಲಿದ್ದಳು. ಹೆಡ್ ಮೇಡಂ ಲೂರ್ದಮ್ಮನವರು ಶುಭ ಶುಕ್ರವಾರದ ಹಿಂದಿನ ದಿನ ಪ್ರಾರ್ಥನೆಯ ಸಾಲಿನ ಮುಂದೆ ನಿಂತು ಏನನ್ನೋ ನೆನೆದುಕೊಂಡರಂತೆ, ಮುನ್ನೂರು ಮಕ್ಕಳು ಒಟ್ಟಿಗೆ ಅಳುತ್ತಿರುವುದನ್ನು ನೋಡಿ ತಪಾಸಣೆಗೆ ಬಂದವರು, ಯಾರು ತೀರಿಹೋದರು ಎಂದು ಕೇಳಿದರು.

ನಾನು ಆ ನಲ್ಲಿಯ ಸಾಲಿನಲ್ಲಿ ನಿಂತವನಲ್ಲ. ನನ್ನ ಹೆಸರು ಕೈಲಾಸಯ್ಯ, ಅದು ನನ್ನ ತಪ್ಪಲ್ಲ. ಇಟ್ಟವರು ಕೇಳಿ ಇಡಲಿಲ್ಲ. ಬುದ್ಧಿ ಬಂದಾಗಿನಿಂದ ನಾನು ಯಾವ ದೇವರಿಗೂ ಕೈ ಮುಗಿದಿಲ್ಲ, ಗುಡಿಯ ಮುಂದೆ ಹೋಗುವಾಗ ಚಪ್ಪಲಿಯ ಸದ್ದನ್ನು ತಗ್ಗಿಸಿದವನೂ ಅಲ್ಲ. ಕೆಲಸಕ್ಕೆ ಸೇರಿದ ದಿನವೇ 'ತೊಳೆಯಲು ನನ್ನಲ್ಲಿ ಏನೂ ಇಲ್ಲ' ಎಂದು ಅರ್ಜಿ ಬರೆದುಕೊಟ್ಟೆ. ಪುಟ್ಟಗಂಗಮ್ಮ ಹಣೆಯ ಮೇಲೆ ಕೈಯಿಟ್ಟು ನೋಡಿ, "ಇದು ಸಿಮೆಂಟು ನೆಲ ಇದ್ದಂಗದೆ ಮೇಡಂ" ಎಂದು ವರದಿ ಕೊಟ್ಟಳು. ವಿನಾಯಿತಿ ಸಿಕ್ಕಿತು. ಇಪ್ಪತ್ತೆರಡು ವರ್ಷ ಸಹೋದ್ಯೋಗಿಗಳು ಚಳಿಯಲ್ಲಿ ಮುಖ ತೊಳೆಯುವುದನ್ನು ಸೈಕಲ್ಲಿನ ಮೇಲೆ ಒಂದು ಕಾಲೂರಿ ನಿಂತು ನೋಡಿದ್ದೇನೆ. ಎಡಗಡೆಯ ಹುಬ್ಬನ್ನು ಒಂದಿಷ್ಟು ಮೇಲೆತ್ತಿ ಒಳಗೆ ಹೋಗುತ್ತಿದ್ದೆ.

ತರಗತಿಯಲ್ಲಿ ದೇವರ ಮಾತನ್ನೇ ಆಡಿದವನಲ್ಲ ನಾನು, ದೇವರಾಣೆಗೂ ಆಡಿದವನಲ್ಲ. ಹುಡುಗರು ತಾವಾಗಿ, "ಅಮ್ಮ ಹರಕೆ ಹೊತ್ತಿದ್ರು ಸರ್, ಅದಕ್ಕೇ ಪಾಸಾದೆ" ಎಂದರೆ ಹುಬ್ಬೆತ್ತುತ್ತಿದ್ದೆ, ಅಷ್ಟೇ. ಪರೀಕ್ಷೆಗೆ ಮುಂಚೆ ಪೆನ್ನನ್ನು ಕಣ್ಣಿಗೊತ್ತಿಕೊಂಡರೆ ಹುಬ್ಬೆತ್ತುತ್ತಿದ್ದೆ. ಹುಬ್ಬಿಗೆ ಯಾವ ಕಾನೂನಿದೆ?

ಒಂದು ಸೋಮವಾರ ಬೆಟ್ಟಯ್ಯ ಬಂದ. ಮಾರ್ಕೆಟ್ಟಿನ ತಿರುವಿನಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡವನು, ನನ್ನ ಅಂಗಿಗಳೂ ಅವನ ಕೈಯಲ್ಲೇ ನೆಟ್ಟಗಾಗುವುದು. ಅವನ ಮಗಳು ಚಿಕ್ಕತಾಯಿ ಏಳನೇ ತರಗತಿ, ನನ್ನ ಲೆಕ್ಕದಲ್ಲಿ ಎಂದೂ ತೊಂಬತ್ತಕ್ಕೆ ಇಳಿದವಳಲ್ಲ. ಅವನು ಅವಳ ಕೈ ಹಿಡಿದುಕೊಂಡು ಲೂರ್ದಮ್ಮನವರ ಕೋಣೆಯಲ್ಲಿ ನಿಂತಿದ್ದ. ನನ್ನನ್ನೂ ಕರೆಸಿದರು.

"ತಪ್ಪು ತಿಳ್ಕಬೇಡಿ ಮೇಷ್ಟ್ರೇ," ಎಂದು ಬೆಟ್ಟಯ್ಯ ಶುರುಮಾಡಿದ. "ಇವಳವ್ವ ಆಸ್ಪತ್ರೆಲವ್ಳೆ. ಶುಕ್ರವಾರ ಹೊಟ್ಟೆ ಆಪ್ರೇಷನ್ನು. ನಮ್ಮನೆ ದೇವ್ರು ಗಾಳೆಮ್ಮ. ದಿನಾ ಸಂಜೆ ದೀಪ ಹಚ್ಚಿ ಅವಳನ್ನ ಬೈಬೇಕು. ಹೂವು ಗೀವು ಏನೂ ಕೇಳಲ್ಲ ಅವಳು, ಬೈಸ್ಕಂಡ್ರೇನೇ ಎದ್ದು ಕೆಲಸ ಮಾಡೋದು. ನಮ್ಮಲ್ಲಿ ಹೆಣ್ಮಕ್ಳೇ ಬೈಯೋದು, ಗಂಡಸು ಬಾಯ್ಬಿಡಂಗಿಲ್ಲ. ಇವಳವ್ವ ಬೈತಿದ್ಲು. ಈಗ ಇವಳು ಬೈಬೇಕು."

"ಬೈಯಲಿ," ಎಂದೆ.

"ಅದೇ ಆಯ್ತಾಯಿಲ್ಲ ಮೇಷ್ಟ್ರೇ. ದೀಪ ಹಚ್ತಾಳೆ, ಬಾಯಿ ತೆಗೀತಾಳೆ, ಅಷ್ಟೊತ್ತಿಗೆ ಈ ಕಡೆ ಹುಬ್ಬು ಮೇಲಕ್ಕೋಯ್ತದೆ. ಹುಬ್ಬು ಹೋದ್ಮೇಲೆ ಮಾತು ಬರಲ್ಲ."

ಲೂರ್ದಮ್ಮನವರು ನನ್ನ ಮುಖವನ್ನೇ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ಕೈ ತನ್ನಷ್ಟಕ್ಕೇ ಎಡಹುಬ್ಬಿಗೆ ಹೋಯಿತು. ಅದು ಮೇಲೆಯೇ ಇತ್ತು.

ಚಿಕ್ಕತಾಯಿ ಅಳುತ್ತಿರಲಿಲ್ಲ. ಅತ್ತು ಮುಗಿಸಿ ಬಂದ ಮುಖ ಅದು. "ಶುಕ್ರವಾರದೊಳಗೆ ಬೈಲಿಲ್ಲ ಅಂದ್ರೆ ನಮ್ಮವ್ವಂಗೆ ಏನಾದ್ರೂ ಆಯ್ತದೆ ಸರ್," ಎಂದಳು. "ಹಂಗಾದ್ರೆ ಅದು ನನ್ನಿಂದ್ಲೇ ಆಗೋದು."

ನಾನು ಮೇಷ್ಟ್ರು, ತಿಳಿಹೇಳುವುದು ನನ್ನ ಧರ್ಮ. ನೋಡಮ್ಮ, ಆಪರೇಷನ್ ಮಾಡುವುದು ಡಾಕ್ಟರು, ನೀನು ಬೈದರೂ ಬಿಟ್ಟರೂ ಅವರ ಕೈ ಅಷ್ಟೇ ಚೆನ್ನಾಗಿ ಓಡುತ್ತದೆ, ದೀಪಕ್ಕೂ ಹೊಟ್ಟೆಗೂ ಯಾವ ಸಂಬಂಧವಿದೆ ಎಂದು ನಿಧಾನವಾಗಿ, ಪ್ರೀತಿಯಿಂದಲೇ ಹೇಳಿದೆ. ಹೇಳುತ್ತಿದ್ದಂತೆ ಅವಳ ಹುಬ್ಬು ಇನ್ನೂ ಒಂದು ಬೆರಳಷ್ಟು ಮೇಲೆ ಹೋಯಿತು, ಕಣ್ಣಿನಿಂದ ನೀರು ಕೆಳಗೆ ಬಂತು. ಒಂದೇ ಮುಖದಲ್ಲಿ ಎರಡೂ. ಬೆಟ್ಟಯ್ಯ ಮಗಳನ್ನು ಹಿಂದಕ್ಕೆ ಎಳೆದುಕೊಂಡ.

ಚಿಕ್ಕತಾಯಿಯ ತಾಯಿ ಈಗ ಗಟ್ಟಿಮುಟ್ಟಾಗಿದ್ದಾಳೆ, ಗಾಡಿಯ ಪಕ್ಕ ನಿಂತು ಗಂಡನಿಗೆ ಇಸ್ತ್ರಿ ಹೇಳಿಕೊಡುತ್ತಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಡಾಕ್ಟರ ಕೈಯೋ ಗಾಳೆಮ್ಮನ ಕೈಯೋ ಎಂದು ನನ್ನನ್ನು ಕೇಳಬೇಡಿ, ಕೇಳಿದರೆ ನನ್ನ ಉತ್ತರ ನಿಮಗೆ ಗೊತ್ತೇ ಇದೆ. ಆದರೆ ಆ ಸೋಮವಾರ ಅದು ಯಾರಿಗೂ ಗೊತ್ತಿರಲಿಲ್ಲ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ತಾಯಿಯ ಜೀವವನ್ನು ತನ್ನ ಹುಬ್ಬಿನ ಮೇಲೆ ಹೊತ್ತುಕೊಂಡು ನಿಂತಿದ್ದಳು, ಆ ಹುಬ್ಬು ನನ್ನದಾಗಿತ್ತು.

ಅವರು ಹೋದ ಮೇಲೆ ನಾನು ವಾದ ಮಾಡಿದೆ. ಇದು ಭಕ್ತಿಯಲ್ಲ, ನನ್ನಲ್ಲಿ ಭಕ್ತಿಯೇ ಇಲ್ಲ, ಇಲ್ಲದ್ದು ಇಳಿಯುವುದು ಹೇಗೆ ಎಂದು ಕೇಳಿದೆ.

"ಕೈಲಾಸಯ್ಯನವರೇ, ನಮ್ಮದು ಒರೆಸಿದ್ರೆ ಹೋಗುತ್ತೆ," ಎಂದರು ಲೂರ್ದಮ್ಮ. "ನಿಮ್ಮದು ನೋಡಿ, ಒರೆಸೋಕೂ ಜಾಗ ಕೊಡಲ್ಲ. ಒಂದು ಸಲ ಊರಲ್ಲಿ ನಡ್ಕೊಂಡು ಹೋಗಿ ಬನ್ನಿ. ಸೈಕಲ್ ಬೇಡ."

ಸಂಜೆ ನಡೆದುಕೊಂಡೇ ಹೋದೆ. ನಮ್ಮೂರಲ್ಲಿ ಮೂವತ್ತೈದರ ಒಳಗಿನವರೆಲ್ಲ ಮಾತಿನ ಮಧ್ಯೆ ಎಡಹುಬ್ಬು ಎತ್ತುತ್ತಾರೆ ಎಂಬುದು ನನಗೆ ಗೊತ್ತೇ ಇತ್ತು. ಊರಿನ ನೀರಿನ ದೋಷ ಎಂದು ಕೆಲವರು, ವಂಶದ ಗುಣ ಎಂದು ಕೆಲವರು ಹೇಳುತ್ತಿದ್ದರು. ಬುದ್ಧಿವಂತರ ಊರು ಎಂದು ನಾನು ತಿಳಿದಿದ್ದೆ. ಅಂದು ಮೊದಲ ಸಲ ನಿಂತು ನೋಡಿದೆ. ಅಂಚೆ ಕಚೇರಿಯಲ್ಲಿ ಹಣೆತುಂಬ ವಿಭೂತಿ ಹಚ್ಚಿಕೊಂಡಿದ್ದ ಗುಮಾಸ್ತ, ವಿಭೂತಿಯ ಕೆಳಗೆ ಹುಬ್ಬು ಮೇಲೆ. ನಮಾಜು ಮುಗಿಸಿ ಮೆಟ್ಟಿಲಿಳಿಯುತ್ತಿದ್ದ ಟೈಲರು, ಹುಬ್ಬು ಮೇಲೆ. ಛತ್ರದಲ್ಲಿ ಒಂದು ನಿಶ್ಚಿತಾರ್ಥ ನಡೆಯುತ್ತಿತ್ತು, ಹುಡುಗ ಉಂಗುರ ತೊಡಿಸುತ್ತ ಹುಬ್ಬೆತ್ತಿದ, ಹುಡುಗಿ ತೊಡಿಸಿಕೊಳ್ಳುತ್ತ ಹುಬ್ಬೆತ್ತಿದಳು, ಇಬ್ಬರೂ ನನ್ನ ಶಿಷ್ಯರೇ. ಪಾಪ, ಅವರು ನಂಬಿಕೊಂಡೇ ನಂಬದವರ ಹಾಗೆ ಕಾಣುತ್ತಿದ್ದರು. ಇಪ್ಪತ್ತೆರಡು ವರ್ಷ, ವರ್ಷಕ್ಕೆ ನಲವತ್ತು ಮಕ್ಕಳು, ಗುಣಿಸುವುದು ನನಗೆ ಕಷ್ಟವಲ್ಲ, ಆದರೆ ಅಂದು ಗುಣಿಸಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಹುಡುಕಿದವನು ನಾನು. ನಾಚಿಕೆಯಾಯಿತು.

ಮಂಗಳವಾರ ಎಡಹುಬ್ಬಿಗೆ ಅಡ್ಡಡ್ಡ ಪ್ಲಾಸ್ಟರು ಅಂಟಿಸಿಕೊಂಡು ಹೋದೆ. ಪುಟ್ಟಗಂಗಮ್ಮ, "ಯಾರತ್ರ ಏಟು ತಿಂದ್ರಿ ಮೇಷ್ಟ್ರೇ?" ಎಂದು ಕೇಳಿದಳು. ಸಂಜೆ ಏಳನೇ ತರಗತಿಯ ಮಕ್ಕಳೆಲ್ಲ ಬಲಹುಬ್ಬು ಎತ್ತಿಕೊಂಡು ಮನೆಗೆ ಹೋದರು. ಬುಧವಾರ ಎರಡಕ್ಕೂ ಪ್ಲಾಸ್ಟರು ಹಾಕಿದೆ. ಅಂದು ಮೂಗಿನ ಹೊಳ್ಳೆ ಅರಳಿಸಿಕೊಂಡು ಹೋದರು. ಚಿಕ್ಕತಾಯಿ ಮಾತ್ರ ಎರಡು ದಿನವೂ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಅವಳ ಮುಂದಿದ್ದ ಪುಸ್ತಕದಲ್ಲಿ ಒಂದೂ ಲೆಕ್ಕವಿರಲಿಲ್ಲ. ನಾನು ಏಳಿಸಲಿಲ್ಲ, ಏಳಿಸಿದರೆ ನನ್ನ ಮುಖ ನೋಡಬೇಕಾಗುತ್ತಿತ್ತು.

ಇಳಿದದ್ದನ್ನು ತೆಗೆಯಲು ನಮ್ಮೂರಲ್ಲಿ ಒಂದೇ ದಾರಿ ಇದೆ. ಅದಕ್ಕೆ 'ಕೆಳಗೆ ಕೂರುವುದು' ಎನ್ನುತ್ತಾರೆ. ತಪ್ಪು ಮಾಡಿದ ಮೇಷ್ಟ್ರು ಶಾಲೆ ಬಿಟ್ಟ ಮೇಲೆ ಮಗುವಿನ ಮನೆಗೆ ಹೋಗಬೇಕು. ಮಗು ಮೇಲೆ ಕೂರಬೇಕು, ಅವರು ನೆಲದ ಮೇಲೆ ಕೂರಬೇಕು. ಆ ಮನೆಯದು ಏನಿದೆಯೋ ಅದನ್ನು ಮಗುವಿನ ಬಾಯಿಂದ ಕಲಿತು ಒಪ್ಪಿಸಬೇಕು. ಕಲಿಸುತ್ತ ಕಲಿಸುತ್ತ ಮಗುವಿಗೆ ತನ್ನದು ತನಗೆ ವಾಪಸ್ಸು ಬರುತ್ತದೆ. ಮಗು ಏಳು ಎನ್ನುವವರೆಗೆ ಏಳುವಂತಿಲ್ಲ. ಸಂಪತಾಚಾರ್ಯರು ಗನಿ ಸಾಹೇಬರ ಮನೆಯಲ್ಲಿ ಮೂರು ಸಂಜೆ ಕೂತಿದ್ದರು, ಗನಿ ಸಾಹೇಬರು ಆಚಾರ್ಯರ ಬೀದಿಯಲ್ಲೇ ಏಳು ಮನೆ ಹತ್ತಿ ಇಳಿದಿದ್ದರು. ಆಗ ನಾನು ಎತ್ತಿದ ಹುಬ್ಬನ್ನು ಇಬ್ಬರೂ ಮರೆತಿರಲಿಲ್ಲ.

ಗುರುವಾರ ಮಧ್ಯಾಹ್ನ ನಾನೇ ಲೂರ್ದಮ್ಮನವರ ಬಳಿಗೆ ಹೋಗಿ, ಇವತ್ತು ಕೆಳಗೆ ಕೂರುತ್ತೇನೆ ಎಂದೆ. ನನಗೇನೂ ನಂಬಿಕೆ ಬಂದುಬಿಟ್ಟಿಲ್ಲ, ಅದನ್ನು ಬರೆದುಕೊಡುತ್ತೇನೆ ಎಂದೂ ಸೇರಿಸಿದೆ.

"ನಂಬಿ ಅಂತ ಯಾರ್ ಕೇಳಿದ್ರು?" ಎಂದರು ಅವರು. "ಆ ಮಗು ನಂಬಲಿ, ಅಡ್ಡ ನಿಂತ್ಕೋಬೇಡಿ."

ಬೆಟ್ಟಯ್ಯನ ಮನೆ ಒಂದೇ ಕೋಣೆ. ಒಂದು ಕಡೆ ಊರವರ ಬಟ್ಟೆಯ ಗಂಟುಗಳು, ಇನ್ನೊಂದು ಕಡೆ ಒಲೆ, ನಡುವೆ ಗೋಡೆಯ ಗೂಡಿನಲ್ಲಿ ಒಂದು ಕಲ್ಲು. ಅದೇ ಗಾಳೆಮ್ಮ. ಕಣ್ಣು ಮೂಗು ಏನೂ ಇರಲಿಲ್ಲ. ಹಗ್ಗದ ಮೇಲೆ ತಾಯಿಯ ಸೀರೆಯೊಂದು ಮಡಿಚಿದ್ದು ಮಡಿಚಿದಂತೆ ತೂಗುತ್ತಿತ್ತು. ಬೆಟ್ಟಯ್ಯ ನನ್ನನ್ನು ನೋಡಿ ಚಾಪೆ ತರಲು ಓಡಿದ. ಬೇಡವೆಂದೆ, ಚಾಪೆ ಲೆಕ್ಕಕ್ಕಿಲ್ಲ, ಬರೀ ನೆಲವೇ ಆಗಬೇಕು. ಅವನು ಆಸ್ಪತ್ರೆಗೆ ಬುತ್ತಿ ಹಿಡಿದು ಹೊರಟ. ಪಕ್ಕದ ಮನೆಯ ಮುದುಕಿಯೊಬ್ಬಳು ಹೊಸಿಲ ಮೇಲೆ ಬಂದು ಕೂತಳು, ಇಂಥ ತಮಾಷೆ ದಿನಾ ಸಿಗುವುದಿಲ್ಲವಲ್ಲ. ಚಿಕ್ಕತಾಯಿ ಸ್ಟೂಲು ಎಳೆದುಕೊಂಡು ಅದರ ಮೇಲೆ ಕೂತಳು. ಸ್ವಲ್ಪ ಹೊತ್ತು ನಾಚಿಕೊಂಡು ಕೂತಿದ್ದಳು. ಆಮೇಲೆ ಮೇಲೆ ಕೂತವರಿಗೆ ಬರುವ ಗತ್ತು ಅವಳಿಗೂ ಬಂತು.

"ದೀಪ ಹಚ್ಚಿ," ಎಂದಳು. ಹಚ್ಚಿದೆ. "ಗಂಡಸು ಬೈಯಂಗಿಲ್ಲ, ಆದ್ರೆ ಕೆಳಗೆ ಕೂತು ಕಲಿಯೋರಿಗೆ ಪರವಾಗಿಲ್ಲ. ಈಗ ನಾನು ಹೇಳ್ದಂಗೆ ಹೇಳಿ. ಏ ಗಾಳೆಮ್ಮ, ಕಣ್ಣಿಗೇನ್ ಪೊರೆ ಬಂದದೇನೇ?"

"ಏ ಗಾಳೆಮ್ಮ, ಕಣ್ಣಿಗೇನ್ ಪೊರೆ ಬಂದದೇನೇ?" ಎಂದೆ. ದೇವರನ್ನು ಬೈಯುವುದರಲ್ಲಿ ನನಗೆ ಮೂವತ್ತು ವರ್ಷದ ಅನುಭವವಿದೆ. ಸುಲಭವಾಗಿ ಮುಗಿದು ಹೋಗುತ್ತದೆ ಎಂದುಕೊಂಡಿದ್ದೆ.

"ಹಂಗಲ್ಲ ಸರ್. ಹುಬ್ಬು ಮೇಲಿದೆ."

ಮತ್ತೆ ಹೇಳಿದೆ. ಇನ್ನೂ ಜೋರಾಗಿ ಹೇಳಿದೆ. ಹೊಸಿಲ ಮೇಲಿನ ಮುದುಕಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಬಾಯಿಪಾಠ ಬೇಡ ಸರ್, ಅರ್ಥ ಮಾಡ್ಕೊಂಡು ಹೇಳಿ," ಎಂದಳು ಚಿಕ್ಕತಾಯಿ. ಅದು ತರಗತಿಯಲ್ಲಿ ನಾನು ದಿನಕ್ಕೆ ಹತ್ತು ಸಲ ಹೇಳುವ ಮಾತು. "ನೀವು ಯಾರೂ ಇಲ್ಲ ಅಂದ್ಕೊಂಡು ಬೈತಿದೀರ. ಅವಳು ಇದ್ದಾಳೆ ಅಂದ್ಕೊಂಡು ಬೈಬೇಕು. ಇಲ್ದೆ ಇರೋರನ್ನ ಬೈದ್ರೆ ಏನ್ ಬಂತು?"

ಮೊಣಕಾಲು ನೋಯಲು ಶುರುವಾಗಿತ್ತು. "ಏಳಲಾ?" ಎಂದು ಕೇಳಿದೆ. "ಇನ್ನೂ ಇಲ್ಲ," ಎಂದಳು. ಕೂತೆ. ಎದ್ದು ಹೋಗಲು ಅಪ್ಪಣೆ ಕೇಳಿ ಸಿಗದೆ ಕೂರುವುದು ಹೇಗಿರುತ್ತದೆ ಎಂದು ಐವತ್ತನೆಯ ವಯಸ್ಸಿನಲ್ಲಿ ತಿಳಿಯಿತು. ಕೆಳಗಿನಿಂದ ನೋಡಿದರೆ ಸ್ಟೂಲಿನ ಮೇಲಿನ ಮುಖ ಬಹಳ ದೊಡ್ಡದು. ಅದು ಹುಬ್ಬೆತ್ತಿದರೆ ಇಡೀ ಛಾವಣಿಯೇ ಹುಬ್ಬೆತ್ತಿದ ಹಾಗಿರುತ್ತದೆ. ನನ್ನ ಮಕ್ಕಳಿಗೆ ನಾನು ಹೀಗೆ ಕಂಡಿದ್ದೆ.

ಕಲ್ಲನ್ನು ನೋಡಿದೆ, ಏನೂ ಆಗಲಿಲ್ಲ. ದೀಪ ನೋಡಿದೆ, ದೀಪವೇ. ಆಮೇಲೆ ಹಗ್ಗದ ಮೇಲಿನ ಸೀರೆ ನೋಡಿದೆ. ಅಂಚಿನಲ್ಲಿ ಇಸ್ತ್ರಿಯ ಕಾವಿಗೆ ಸುಟ್ಟ ಕಲೆ ಇತ್ತು, ಅದರ ಮೇಲೆ ಒಂದು ಹೂವನ್ನು ಹೊಲಿದಿದ್ದಳು ಮಹಾತಾಯಿ. ನಾಳೆ ಬೆಳಿಗ್ಗೆ ಅವಳ ಹೊಟ್ಟೆ ಕೊಯ್ಯುತ್ತಾರೆ. ಏನಾದರೂ ಹೆಚ್ಚುಕಡಿಮೆಯಾದರೆ ಈ ಹುಡುಗಿ ಎಂಬತ್ತು ವರ್ಷ ಬದುಕಿದರೂ ತನ್ನಿಂದಲೇ ಆಯಿತು ಎಂದುಕೊಂಡು ಬದುಕುತ್ತಾಳೆ, ಯಾವ ಗಣಿತವೂ ಅದನ್ನು ಕಳೆಯುವುದಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು, ಆದರೆ ಅದಕ್ಕೆ ಎದುರಿಗೆ ಒಬ್ಬರು ಬೇಕೇ ಬೇಕಾಗಿತ್ತು. ಅಲ್ಲಿ ಇದ್ದದ್ದು ಅವಳೊಬ್ಬಳೇ.

"ಏ ಗಾಳೆಮ್ಮ," ಎಂದೆ. "ಗೂಡಲ್ಲಿ ಕೂತ್ಕೊಂಡು ಏನ್ ನೋಡ್ತಿದೀಯೇ? ಕಣ್ಣಿಗೇನ್ ಪೊರೆ ಬಂದದೇನೇ? ಈ ಮಗು ಮೂರು ದಿನದಿಂದ ಒಂದು ಲೆಕ್ಕ ಮಾಡಿಲ್ಲ, ಗೊತ್ತೇನೇ ನಿಂಗೆ?"

ಅದು ಅವಳು ಹೇಳಿಕೊಟ್ಟ ಸಾಲಾಗಿರಲಿಲ್ಲ. ಆದರೂ ಚಿಕ್ಕತಾಯಿ ತಡೆಯಲಿಲ್ಲ. ಸ್ಟೂಲಿನಿಂದ ಮುಂದಕ್ಕೆ ಬಾಗಿದಳು. ಅವಳ ಬಾಯಿ ನನ್ನ ಬಾಯಿಯ ಹಿಂದೆಯೇ ಹೊರಟಿತು, ಆಮೇಲೆ ಮುಂದೆ ಹೋಯಿತು, ಆಮೇಲೆ ನಾನು ನಿಲ್ಲಿಸಿದರೂ ಅದು ನಿಲ್ಲಲಿಲ್ಲ.

"ನಿನ್ನ ದೀಪಕ್ಕೆ ಎಣ್ಣೆ ತಂದೋರ್ಯಾರೇ? ನಮ್ಮವ್ವ. ಬತ್ತಿ ಹೊಸೆದೋರ್ಯಾರೇ? ನಮ್ಮವ್ವ. ಅವಳು ಅಲ್ಲಿ ಒಬ್ಳೇ ಮಲಗವ್ಳೆ, ನೀನಿಲ್ಲಿ ಬೆಚ್ಚಗೆ ಕೂತಿದೀಯಾ? ಎದ್ದೋಗೇ! ಈಗ್ಲೇ ಎದ್ದೋಗು! ನಮ್ಮವ್ವಂಗೇನಾದ್ರೂ ಆದ್ರೆ ನಾಳೆಯಿಂದ ಕತ್ತಲಲ್ಲೇ ಕೂತ್ಕೋ, ನಾನಂತೂ ಹಚ್ಚಲ್ಲ, ನೋಡ್ತಿರು!"

ಹುಬ್ಬುಗಳೆರಡೂ ಒಂದೇ ಸಾಲಿನಲ್ಲಿದ್ದವು, ಸಿಟ್ಟಿನಲ್ಲಿ ಒಂದಕ್ಕೊಂದು ಕೂಡಿಕೊಂಡಿದ್ದವು. ಬೈದು ಮುಗಿಸಿ ಅವಳು ಏದುಸಿರು ಬಿಟ್ಟಳು. ಆಮೇಲೆ ಜೋರಾಗಿ ಅತ್ತಳು. ಹೊಸಿಲ ಮೇಲಿನ ಮುದುಕಿ, "ಈಗ ಎದ್ಲು ನೋಡು ಗಾಳೆಮ್ಮ," ಎಂದು ಸೆರಗು ಕೊಡವಿಕೊಂಡು ತನ್ನ ಮನೆಗೆ ಹೋದಳು. ನನಗೂ ಕಣ್ಣು ತುಂಬಿತ್ತು, ಸುಳ್ಳು ಹೇಳುವುದಿಲ್ಲ. ಗಾಳೆಮ್ಮನ ಮೇಲೆ ನಂಬಿಕೆ ಬರಲಿಲ್ಲ, ಅದೂ ಸುಳ್ಳಲ್ಲ. ಆದರೆ ಅವಳು ಇದ್ದಿದ್ದರೆ ಆ ಬೈಗುಳಕ್ಕೆ ಖಂಡಿತ ಎದ್ದು ಹೋಗಿರುತ್ತಿದ್ದಳು.

ಚಿಕ್ಕತಾಯಿ ಲಂಗದಿಂದ ಮುಖ ಒರೆಸಿಕೊಂಡು ನನ್ನತ್ತ ನೋಡಿದಳು. ನೋಡಿದವಳು ಸ್ಟೂಲಿನಿಂದ ಇಳಿದು ಹತ್ತಿರ ಬಂದಳು. ನನ್ನ ಬಲಗೆನ್ನೆಯ ಮೇಲೆ ಅರಿಶಿನದ ಒಂದು ಬೆರಳಗೆರೆ ಎದ್ದಿತ್ತಂತೆ, ಅವರ ಮನೆಯ ಹೆಂಗಸರು ಹಬ್ಬದ ದಿನ ಎಳೆದುಕೊಳ್ಳುವಂಥದು. ನಾನು ಮುಟ್ಟಿ ನೋಡಿಕೊಂಡೆ, ಬೆರಳು ಹಳದಿಯಾಯಿತು.

"ಈಗ ಏಳಲಾ?" ಎಂದು ಕೇಳಿದೆ.

"ಏಳಿ ಸರ್," ಎಂದಳು. ಏಳಲು ಕೈ ಕೊಟ್ಟಳು. ಬಾಗಿಲವರೆಗೂ ಬಂದು, ನಾನು ಚಪ್ಪಲಿ ಮೆಟ್ಟುವಾಗ ಗಂಭೀರವಾಗಿ ಹೇಳಿದಳು: "ನಾಳೆ ಶಾಲೆಗೆ ಬರೋಕೆ ಮುಂಚೆ ಅದನ್ನ ಒರೆಸ್ಕೊಂಡು ಬನ್ನಿ ಸರ್. ಅದು ನಮ್ಮನೇದು."